ನಾನು ಬರೆದದ್ದನ್ನು ಅಳಿಸಿದ್ದು ಯಾರು?

ಹೋದ ತಿಂಗಳು ಮಾತಿನ ಮಧ್ಯೆ ಕನ್ನಡ ವಿಕಿಪೀಡಿಯದ ಬಗ್ಗೆ ಎರಡು ಸಾಲು ಬರೆದಿದ್ದೆ. ಹಾಸನದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮುಗಿಸಿ, ರಾತ್ರಿ ಹೊತ್ತು ಅಲ್ಲಿ ಲೇಖನ ತಿದ್ದುತ್ತೇನೆ, ಹೊಸದಾಗಿ ಬಂದವರಿಗೆ ಒಂದಿಷ್ಟು ಹೇಳಿಕೊಡುತ್ತೇನೆ ಎಂದು. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅದರಲ್ಲೂ ದೂರುಗಳೇ ಜಾಸ್ತಿ. ಹಾಗಾಗಿ ಪುಸ್ತಕಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ, ಈ ಸಲ ಪೂರ್ತಿ ಜಾಗ ಇದಕ್ಕೇ ಬಿಟ್ಟಿದ್ದೇನೆ. ಪತ್ರಗಳನ್ನು ಇಲ್ಲಿ ಕಿರಿದು ಮಾಡಿ ಕೊಟ್ಟಿದ್ದೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ವಿಕಿಪೀಡಿಯ ಯಾರು ಬೇಕಾದರೂ ಬರೆಯಬಹುದಾದ, ತಿದ್ದಬಹುದಾದ ವಿಶ್ವಕೋಶ. ಇಂಗ್ಲಿಷಿನಲ್ಲಿ 2001ರಲ್ಲಿ ಶುರುವಾಯಿತು, ಕನ್ನಡದಲ್ಲಿ 2003ರಲ್ಲಿ. ಇವತ್ತು ಕನ್ನಡದಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ.

ಪ್ರಶ್ನೆ: ನಮ್ಮ ತಾತ ಮೂಡಲಪಾಯ ಯಕ್ಷಗಾನದಲ್ಲಿ ದೊಡ್ಡ ಹೆಸರು ಮಾಡಿದವರು. ಅವರ ಬಗ್ಗೆ ಎರಡು ರಾತ್ರಿ ಕೂತು ವಿಕಿಪೀಡಿಯದಲ್ಲಿ ಲೇಖನ ಬರೆದೆ. ಮಾರನೇ ದಿನ ಸಂಜೆ ನೋಡಿದರೆ ಪುಟವೇ ಇಲ್ಲ. ಅಳಿಸಿದವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು ಮೇಡಂ?
– ಓದುಗರು, ತಿಪಟೂರು

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಳಿಸಿದವರು ಅಲ್ಲಿನ ನಿರ್ವಾಹಕರಲ್ಲಿ ಒಬ್ಬರು. ಅವರಿಗೂ ಸಂಬಳ ಇಲ್ಲ, ಕುರ್ಚಿ ಇಲ್ಲ. ಬಹಳ ದಿನ ಕೆಲಸ ಮಾಡಿದವರನ್ನು ಉಳಿದ ಬರಹಗಾರರೇ ಚರ್ಚೆ ಮಾಡಿ ಆರಿಸುತ್ತಾರೆ. ಪುಟ ಅಳಿಸುವ, ಅಳಿಸಿದ್ದನ್ನು ಮತ್ತೆ ತರುವ ಗುಂಡಿ ಅವರ ಕೈಯಲ್ಲಿರುತ್ತದೆ. ಇದರಲ್ಲಿ ನಿಮಗೆ ಬೇಕಾದದ್ದು ಎರಡನೆಯದು. ನೀವು ಬರೆದದ್ದು ಎಲ್ಲೂ ಹೋಗಿಲ್ಲ. ಅಳಿಸಿದ ಪುಟವನ್ನು ನಿರ್ವಾಹಕರು ಇವತ್ತೂ ನೋಡಬಲ್ಲರು. ಒಬ್ಬೊಬ್ಬ ಸದಸ್ಯರ ಜೊತೆಗೂ ಮಾತಾಡಲು ಅಲ್ಲಿ ಒಂದು ಚರ್ಚೆ ಪುಟ ಇರುತ್ತದೆ. ಅವರ ಚರ್ಚೆ ಪುಟಕ್ಕೆ ಹೋಗಿ, ‘ಆ ಬರಹವನ್ನು ನನ್ನ ಪ್ರಯೋಗಪುಟಕ್ಕೆ ಹಾಕಿಕೊಡಿ’ ಎಂದು ಕೇಳಿ. ಪ್ರಯೋಗಪುಟ ಎಂದರೆ ಬರೆದು ಅಭ್ಯಾಸ ಮಾಡುವ ನಿಮ್ಮದೇ ಪುಟ. ಸಾಮಾನ್ಯವಾಗಿ ಕೊಡುತ್ತಾರೆ.

ಯಾಕೆ ಅಳಿಸಿದರು ಎನ್ನುವುದು ನಿಮ್ಮ ಪತ್ರ ಓದಿದಾಗಲೇ ಗೊತ್ತಾಯಿತು. ಪೂರ್ತಿ ಲೇಖನಕ್ಕೆ ಆಧಾರ ‘ನಮ್ಮ ಅಜ್ಜಿ ಹೇಳಿದ್ದು’. ನಿಮ್ಮ ಅಜ್ಜಿ ಸುಳ್ಳು ಹೇಳಿದ್ದಾರೆ ಎಂದು ಯಾರೂ ಹೇಳುತ್ತಿಲ್ಲ. ಆದರೆ ಓದುವವನು ಮಂಗಳೂರಿನಲ್ಲೋ ದುಬೈಯಲ್ಲೋ ಕೂತು, ಈ ಸಾಲು ನಿಜವಾ ಎಂದು ನೋಡಬೇಕಾದರೆ ನಿಮ್ಮ ಮನೆಗೆ ಬರುವುದಕ್ಕೆ ಆಗುವುದಿಲ್ಲ ಅಲ್ವಾ? ಅದಕ್ಕೇ ಅಚ್ಚಾದ ಆಧಾರ ಕೇಳುತ್ತಾರೆ. ಅದೂ ನಿಮ್ಮ ಮನೆಯವರಲ್ಲದ ಬೇರೆಯವರು ಬರೆದದ್ದು ಬೇಕು. ಇನ್ನೊಂದು ತೊಡಕು, ನೀವು ಮೊಮ್ಮಗ. ಸ್ವಂತ ತಾತನ ಬಗ್ಗೆ ಬರೆಯಲೇಬಾರದು ಎಂದಿಲ್ಲ. ಆದರೆ ‘ಅಪ್ರತಿಮ’, ‘ಕಲಾತಪಸ್ವಿ’ ಅಂತೆಲ್ಲ ತಾನಾಗಿ ಬಂದುಬಿಡುತ್ತದೆ. ನಿಮ್ಮ ಪತ್ರದ ಮೊದಲ ಪ್ಯಾರಾದಲ್ಲೇ ಎರಡೂ ಇವೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ತಾತನ ಪುಟವನ್ನು ಸದ್ಯಕ್ಕೆ ಬಿಡಿ, ಮೂಡಲಪಾಯದ ಪುಟಕ್ಕೆ ಹೋಗಿ. ಮುಖವೀಣೆ ಯಾವಾಗ ನುಡಿಸುತ್ತಾರೆ, ಭಾಗವತರು ಎಲ್ಲಿ ನಿಲ್ಲುತ್ತಾರೆ, ಭುಜಕೀರ್ತಿ ಯಾವುದರಲ್ಲಿ ಮಾಡುತ್ತಾರೆ, ಇದೆಲ್ಲ ನಿಮಗೆ ಗೊತ್ತು. ಕರಾವಳಿಯ ಯಕ್ಷಗಾನದ ಬಗ್ಗೆ ಬರೆಯುವವರು ಸಾಕಷ್ಟು ಜನ ಇದ್ದಾರೆ, ನಿಮ್ಮ ಕಡೆಯ ಆಟಕ್ಕೆ ಅಷ್ಟು ಜನ ಇಲ್ಲ. ಜೊತೆಗೆ ತಾತನ ಹೆಸರು ಎಲ್ಲಾದರೂ ಅಚ್ಚಾಗಿದೆಯಾ ಎಂದು ಹುಡುಕಿ. ಕರ್ನಾಟಕ ಜಾನಪದ ಅಕಾಡೆಮಿಯ ಪುಸ್ತಕಗಳು, ಪ್ರಶಸ್ತಿ ಪಟ್ಟಿಗಳು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಕಟಣೆಗಳು, ಪತ್ರಿಕೆಗಳ ಜಿಲ್ಲಾ ಪುಟಗಳು. ತುಮಕೂರಿನ ಲೈಬ್ರರಿಗಳಲ್ಲಿ ಒಂದು ಶನಿವಾರ ಕಳೆಯಿರಿ. ಎರಡು ಮೂರು ಕಡೆ ಸಿಕ್ಕಿದರೆ ಪುಟ ಮತ್ತೆ ಬರೆಯಿರಿ, ಆಗ ಯಾರೂ ಮುಟ್ಟುವುದಿಲ್ಲ. ಸಿಗದಿದ್ದರೆ ಮೊದಲು ನೀವೇ ಒಂದು ಪತ್ರಿಕೆಯವರನ್ನೋ ಸಂಶೋಧಕರನ್ನೋ ಹಿಡಿದು ತಾತನ ಬಗ್ಗೆ ಬರೆಸಬೇಕು. ವಿಕಿಪೀಡಿಯ ಆಮೇಲಿನ ಮಾತು.

ಒಂದು ಮಾತು ಅಳಿಸಿದವರಿಗೂ ಹೇಳಬೇಕು, ಅವರು ಈ ಪತ್ರಿಕೆ ಓದಿದರೆ. ಈ ಓದುಗರ ಚರ್ಚೆ ಪುಟದಲ್ಲಿ ಒಂದೇ ಒಂದು ಸಾಲು ಇಲ್ಲ. ‘ಹೊಸಬರನ್ನು ಕಚ್ಚಬೇಡಿ’ ಎಂಬ ನಿಯಮವೇ ವಿಕಿಪೀಡಿಯದಲ್ಲಿದೆ. ಅಳಿಸುವುದಕ್ಕೆ ಒಂದು ಕ್ಲಿಕ್ ಸಾಕು, ನಿಜ. ಯಾಕೆ ಅಳಿಸಿದೆ ಎಂದು ಬರೆಯುವುದಕ್ಕೆ ಎರಡು ನಿಮಿಷ ಬೇಕು. ಆ ಎರಡು ನಿಮಿಷ ಇಲ್ಲದವರು ಅಳಿಸುವ ಕೆಲಸಕ್ಕೆ ಹೋಗಬಾರದು ಎನ್ನುವುದು ನನ್ನ ಹಠ. ಇದಕ್ಕೆ ಅಲ್ಲಿನ ಅರಳಿ ಕಟ್ಟೆಯಲ್ಲಿ ಜಗಳವನ್ನೂ ಆಡಿದ್ದೇನೆ. ಅರಳಿ ಕಟ್ಟೆ ಎಂದರೆ ಕನ್ನಡ ವಿಕಿಪೀಡಿಯದವರು ಒಟ್ಟಿಗೆ ಕೂತು ಮಾತಾಡುವ ಪುಟ.

ಪ್ರಶ್ನೆ: ಒಂದು ಲೇಖನಕ್ಕೆ ಎಷ್ಟು ಕೊಡುತ್ತಾರೆ?
– ಓದುಗರು, ದಾವಣಗೆರೆ

ಏನೂ ಇಲ್ಲ. ಬೇರೆ ಯಾರಾದರೂ ನಿಮಗೆ ದುಡ್ಡು ಕೊಟ್ಟು ಬರೆಸಿದರೆ, ಯಾರು ಕೊಟ್ಟರು ಎಂದು ನೀವು ಅಲ್ಲಿ ಬಹಿರಂಗವಾಗಿ ಹೇಳಲೇಬೇಕು, 2014ರಿಂದ ಇದು ಬಳಕೆಯ ಷರತ್ತುಗಳಲ್ಲೇ ಇದೆ. ಇನ್ನು ‘ನಮ್ಮ ಅಂಗಡಿಯ ವೆಬ್‌ಸೈಟಿನ ಲಿಂಕ್ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತಾ’ ಎಂದು ಕೇಳಿದ ಇನ್ನೊಬ್ಬರಿಗೂ ಇಲ್ಲೇ ಉತ್ತರ: ಬರುವುದಿಲ್ಲ. ಆ ಲಿಂಕುಗಳನ್ನು ಲೆಕ್ಕಕ್ಕೆ ತಗೋಬೇಡಿ ಎಂದು ಹುಡುಕಾಟದ ಯಂತ್ರಗಳಿಗೆ ವಿಕಿಪೀಡಿಯವೇ ಹೇಳಿಟ್ಟಿದೆ. ಸುಮ್ನೆ ಶ್ರಮ.

ಪ್ರಶ್ನೆ: ನಾನು ಕನ್ನಡ ಉಪನ್ಯಾಸಕ. ಇಂಟರ್ನಲ್ ಮಾರ್ಕ್ಸ್ ಕೊಡುತ್ತೇನೆ ಎಂದು ಹೇಳಿ ವಿದ್ಯಾರ್ಥಿಗಳಿಂದ ವಿಕಿಪೀಡಿಯ ಲೇಖನ ಬರೆಸಿದೆ. ಅರ್ಧ ಜನಕ್ಕೆ ಖಾತೆಯೇ ತೆರೆಯಲಾಗಲಿಲ್ಲ. ಬರೆದವರು ಇಂಗ್ಲಿಷ್ ಲೇಖನವನ್ನು ಯಂತ್ರದಿಂದ ಅನುವಾದ ಮಾಡಿ ಹಾಗೇ ಹಾಕಿದರು. ಪರೀಕ್ಷೆ ಮುಗಿದ ಮೇಲೆ ಒಬ್ಬರೂ ಆ ಕಡೆ ತಲೆ ಹಾಕಿಲ್ಲ. ಎಲ್ಲಿ ಎಡವಿದೆವು?
– ಉಪನ್ಯಾಸಕರು, ಚಿಕ್ಕಮಗಳೂರು

ಸರ್, ಖಾತೆಯ ವಿಷಯ ಮೊದಲು, ಅದು ಸುಲಭ. ಒಂದು ಇಂಟರ್ನೆಟ್ ವಿಳಾಸದಿಂದ ದಿನಕ್ಕೆ 6 ಖಾತೆ ಮಾತ್ರ ತೆರೆಯಬಹುದು. ಕಾಲೇಜಿನ ವೈಫೈಯಲ್ಲಿ ಎಲ್ಲರೂ ಒಟ್ಟಿಗೆ ಕೂತರೆ ಆರು ಜನಕ್ಕೆ ಆಗುತ್ತದೆ, ಏಳನೆಯವನಿಗೆ ಬಾಗಿಲು ಮುಚ್ಚುತ್ತದೆ. ಹಿಂದಿನ ದಿನವೇ ಮನೆಯಲ್ಲಿ, ತಮ್ಮ ತಮ್ಮ ಮೊಬೈಲ್ ಡೇಟಾದಲ್ಲಿ ಖಾತೆ ತೆರೆದು ಬನ್ನಿ ಎಂದು ಹೇಳಿಬಿಡಿ. ಇಲ್ಲವೇ ಮುಂಚೆಯೇ ಅರ್ಜಿ ಹಾಕಿದರೆ ಆ ದಿನದ ಮಟ್ಟಿಗೆ ಮಿತಿ ಸಡಿಲ ಮಾಡುತ್ತಾರೆ.

ಇನ್ನು ಮುಖ್ಯ ವಿಷಯ. ಮೊದಲ ದಿನವೇ ಲೇಖನ ಬರೆಯಿರಿ ಎಂದರೆ ಮಕ್ಕಳು ಯಂತ್ರಕ್ಕೆ ಮೊರೆಹೋಗದೆ ಇನ್ನೇನು ಮಾಡುತ್ತಾರೆ? ನಮ್ಮಲ್ಲಿ ಶಿಬಿರ ಇಟ್ಟಾಗ ನಾನು ಕಂಪ್ಯೂಟರ್ ಆನ್ ಮಾಡುವ ಮುಂಚೆ ಮೇಜಿನ ಮೇಲೆ ಪುಸ್ತಕ ಹರಡುತ್ತೇನೆ. ಹಾಸನ ಜಿಲ್ಲಾ ಗೆಜೆಟಿಯರ್, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕ, ಒಂದಿಷ್ಟು ಕೃಷಿ ಪುಸ್ತಕ. ಪ್ರತಿಯೊಬ್ಬರೂ ತಮ್ಮ ತಾಲ್ಲೂಕಿನ ಲೇಖನ ತೆಗೆಯಬೇಕು, ಅದರಲ್ಲಿ ಆಧಾರ ಇಲ್ಲದ ಒಂದು ಸಾಲು ಹುಡುಕಬೇಕು, ಮೇಜಿನ ಮೇಲಿನ ಪುಸ್ತಕದಲ್ಲಿ ಅದು ಇದೆಯಾ ನೋಡಬೇಕು, ಇದ್ದರೆ ಪುಟ ಸಂಖ್ಯೆ ಸಮೇತ ಉಲ್ಲೇಖ ಸೇರಿಸಬೇಕು. ಅಷ್ಟೇ, ಮೊದಲ ದಿನದ ಕೆಲಸ ಮುಗಿಯಿತು. ಹುಡುಗರು ‘ಇಷ್ಟೇನಾ ಮೇಡಂ’ ಎನ್ನುತ್ತಾರೆ. ಆದರೆ ಗೆಜೆಟಿಯರ್ ಒಂದು ಹೇಳುತ್ತದೆ, ಲೇಖನ ಇನ್ನೊಂದು ಹೇಳುತ್ತದೆ ಎಂದು ಗೊತ್ತಾದ ಕೂಡಲೇ ನೋಡಬೇಕು ಅವರ ಮುಖ. ವಿಶ್ವಕೋಶ ಹೇಗೆ ತಯಾರಾಗುತ್ತದೆ ಎಂದು ನಾನು ಭಾಷಣ ಮಾಡುವುದು ಆಮೇಲೆ ಬೇಕಾಗುವುದೇ ಇಲ್ಲ.

ಅಂದಹಾಗೆ, ಮೈಸೂರಿನ ಆ ವಿಶ್ವಕೋಶವನ್ನು 2014ರಲ್ಲಿ ವಿಶ್ವವಿದ್ಯಾನಿಲಯ ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟಿತು. ಆದ್ದರಿಂದ ಅದರ ಬರಹವನ್ನು ಆಕರ ಹೇಳಿ ವಿಕಿಪೀಡಿಯದಲ್ಲಿ ಬಳಸಬಹುದು. ಬೇರೆ ಪುಸ್ತಕ, ಪತ್ರಿಕೆಗಳಿಗೆ ಈ ಮಾತು ಸಲ್ಲುವುದಿಲ್ಲ. ಅವುಗಳಿಂದ ವಿಷಯ ತಗೊಳ್ಳಬಹುದು, ಸಾಲು ತಗೊಳ್ಳುವ ಹಾಗಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಮಾತ್ರ ಗಟ್ಟಿಯಾಗಿ ಹೇಳಿ.

ಯಂತ್ರಾನುವಾದಕ್ಕೆ ಬರೋಣ. ಕನ್ನಡ ವಿಕಿಪೀಡಿಯಕ್ಕೆ ಈ ಕಾಯಿಲೆ ಹೊಸದಲ್ಲ. 2009ರಿಂದ 2011ರವರೆಗೆ ಗೂಗಲ್ ತನ್ನ ಸಲಕರಣೆ ಬಳಸಿ ಅನುವಾದಕರಿಂದ ಉದ್ದುದ್ದ ಲೇಖನಗಳನ್ನು ಭಾರತೀಯ ಭಾಷೆಗಳಿಗೆ ಮಾಡಿಸಿತ್ತು, ಕನ್ನಡಕ್ಕೂ ರಾಶಿ ಬಂದವು. ಓದಲು ಹೋದರೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ತಿದ್ದಬೇಕಾದವು ಇನ್ನೂ ಉಳಿದಿವೆ. ಈಗಿನ ಯಂತ್ರಗಳು ಎಷ್ಟೋ ವಾಸಿ, ಒಪ್ಪುತ್ತೇನೆ. ವಿಕಿಪೀಡಿಯದಲ್ಲೇ ಅನುವಾದದ ಸಲಕರಣೆ ಇದೆ, ಯಂತ್ರ ಕೊಟ್ಟದ್ದನ್ನು ತೀರಾ ತಿದ್ದದೆ ಹಾಗೇ ಪ್ರಕಟಿಸಲು ಹೋದರೆ ಅದೇ ಎಚ್ಚರಿಸುತ್ತದೆ. ನಾನು ಮಕ್ಕಳಿಗೆ ಕೊಡುವ ಪರೀಕ್ಷೆ ಒಂದೇ: ಬರೆದದ್ದನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ‘ಬೇಲೂರಿನ ಚೆನ್ನಕೇಶವ ದೇವಸ್ಥಾನವು ವಿಷ್ಣುವರ್ಧನನಿಂದ 1117ರಲ್ಲಿ ನಿರ್ಮಿಸಲ್ಪಟ್ಟಿತು’ ಎಂದು ಓದಿದವಳು ತಾನೇ ನಕ್ಕು, ‘ವಿಷ್ಣುವರ್ಧನ ಕಟ್ಟಿಸಿದ’ ಎಂದು ತಿದ್ದಿಕೊಂಡಳು. ನಾನು ಬಾಯಿ ಬಿಡಬೇಕಾಗಲಿಲ್ಲ.

ಉಳಿಯುವವರ ಮಾತು. ಮಾರ್ಕ್ಸಿಗೆ ಬಂದವರು ಮಾರ್ಕ್ಸ್ ಸಿಕ್ಕಮೇಲೆ ಹೋಗುತ್ತಾರೆ, ಬೇಜಾರು ಮಾಡ್ಕೋಬೇಡಿ. ಒಂದು ತಂಡದಲ್ಲಿ ಒಬ್ಬಳು ಉಳಿದರೂ ನನಗೆ ಲಾಭವೇ. ಅರಸೀಕೆರೆ ಕಡೆಯ ಒಬ್ಬ ಬಿ.ಕಾಂ. ಹುಡುಗಿ ಶಿಬಿರದಲ್ಲಿ ಸಪ್ಪಗೆ ಕೂತಿದ್ದಳು. ದೇವಸ್ಥಾನ, ಶಾಸನ ಯಾವುದೂ ಅವಳಿಗೆ ಬೇಡ. ಮನೆಯಲ್ಲಿ ಏನು ಬೆಳೀತೀರಿ ಎಂದು ಕೇಳಿದೆ. ರಾಗಿ ಅಂದಳು. ಕೂರಿಗೆಯಲ್ಲಿ ಬಿತ್ತುತ್ತೀರಾ, ಕೈಯಲ್ಲಿ ಚೆಲ್ಲುತ್ತೀರಾ ಅಂದೆ. ಆಮೇಲೆ ಅವಳನ್ನು ನಿಲ್ಲಿಸಲು ಆಗಲಿಲ್ಲ. ಮುಂದಿನ ವಾರ ಅಪ್ಪನ ಹತ್ತಿರ ಅಟ್ಟದಿಂದ ಕೂರಿಗೆ ಇಳಿಸಿ, ಒಂದೊಂದು ಭಾಗದ ಫೋಟೊ ತೆಗೆದು, ವಿಕಿಪೀಡಿಯಕ್ಕೆ ಬೇಕಾದ ಚಿತ್ರಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್ ತಾಣಕ್ಕೆ ಹಾಕಿದ್ದಳು. ನಾನು ಮಾಡಿದ ಕೆಲಸ ಎಂದರೆ ಕೃಷಿ ವಿಶ್ವವಿದ್ಯಾನಿಲಯದ ಒಂದು ಪುಸ್ತಕ ಹುಡುಕಿಕೊಟ್ಟದ್ದು. ಈಗ ಕುಂಟೆ, ಹಲುಬೆ ಅಂತ ಮುಂದುವರಿಸಿದ್ದಾಳೆ.

ಶಿಬಿರದ ನಂತರದ ದಿನಗಳಲ್ಲಿ ನಾನು ಹೊಸಬರ ‘ಕೊಡುಗೆಗಳು’ ಪುಟ ತೆಗೆದು ನೋಡುತ್ತಿರುತ್ತೇನೆ. ಚೆನ್ನಾಗಿ ಮಾಡಿದ ಒಂದು ಬದಲಾವಣೆ ಕಂಡರೆ, ಯಾರು ಏನು ಬದಲಿಸಿದರು ಎಂದು ತೋರಿಸುವ ಇತಿಹಾಸ ಪುಟದಲ್ಲೇ ಧನ್ಯವಾದ ಹೇಳುವ ಕೊಂಡಿ ಇದೆ, ಅದನ್ನು ಒತ್ತುತ್ತೇನೆ. ತಪ್ಪು ಕಂಡರೆ ಎಲ್ಲವನ್ನೂ ನಾನೇ ತಿದ್ದುವುದಿಲ್ಲ. ಐದು ತಪ್ಪಿದ್ದರೆ ಒಂದನ್ನು ತಿದ್ದಿ ತೋರಿಸಿ, ಉಳಿದದ್ದು ಎಲ್ಲೆಲ್ಲಿ ಎಂದು ಚರ್ಚೆ ಪುಟದಲ್ಲಿ ಹೆಸರು ಹಿಡಿದು ಬರೆಯುತ್ತೇನೆ. ತಯಾರಿಟ್ಟ ಎಚ್ಚರಿಕೆಯ ಚೌಕಟ್ಟುಗಳನ್ನು ಹೊಸಬರ ಪುಟಕ್ಕೆ ಅಂಟಿಸುವುದು ನನಗೆ ಆಗದ ಕೆಲಸ. ಅದನ್ನು ಓದಿದರೆ ಬ್ಯಾಂಕಿನಿಂದ ನೋಟಿಸ್ ಬಂತೇನೋ ಅನ್ನಿಸುತ್ತದೆ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಅಲ್ಲಿ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ.
– ಓದುಗರು, ಗದಗ

ಹಳೆಯ ವಿಧಾನದಲ್ಲಿ ಉಳಿಸಿದ ಕಡತ ಅದು, ಯೂನಿಕೋಡ್‌ಗೆ ಬದಲಾಯಿಸಿಕೊಂಡು ಪೇಸ್ಟ್ ಮಾಡಿ. ವಿಕಿಪೀಡಿಯದಲ್ಲಿ ನೇರವಾಗಿ ಟೈಪ್ ಮಾಡುವ ಸೌಲಭ್ಯವೂ ಇದೆ. ಬರೆಯುವ ಜಾಗದ ಮೂಲೆಯಲ್ಲಿ ಕೀಲಿಮಣೆಯ ಗುರುತು ಕಾಣುತ್ತದೆ, ಅಲ್ಲಿ ನಿಮಗೆ ಅಭ್ಯಾಸವಿರುವ ವಿನ್ಯಾಸ ಆರಿಸಿಕೊಳ್ಳಿ.

ಪ್ರಶ್ನೆ: ನಮ್ಮೂರ ದೇವಸ್ಥಾನ ಹೊಯ್ಸಳರ ಕಾಲದ್ದು ಎಂದು ನಾನು ಬರೆದರೆ, ಒಬ್ಬರು ಬಂದು ಚೋಳರದ್ದು ಎಂದು ಬದಲಾಯಿಸುತ್ತಾರೆ. ನಾನು ಮತ್ತೆ ತಿದ್ದುತ್ತೇನೆ. ಇದು ಒಂದು ವಾರದಿಂದ ನಡೆದಿದೆ. ಬಿಡಬೇಕಾ?
– ಓದುಗರು, ಚನ್ನರಾಯಪಟ್ಟಣ ತಾಲ್ಲೂಕು

ತಿದ್ದುವುದನ್ನು ಬಿಡಿ, ವಿಷಯ ಬಿಡಬೇಡಿ. ಹೀಗೆ ಎಳೆದಾಡಿದರೆ ಇಬ್ಬರನ್ನೂ ಕೆಲ ದಿನ ಹೊರಗಿಡುತ್ತಾರೆ. ಆ ಲೇಖನದ ಚರ್ಚೆ ಪುಟದಲ್ಲಿ ‘ನಿಮ್ಮ ಆಧಾರ ಯಾವುದು’ ಎಂದು ಕೇಳಿ, ನಿಮ್ಮದನ್ನೂ ಇಡಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಐದನೇ ಸಂಪುಟ ಹಾಸನ ಜಿಲ್ಲೆಯದು, ತಾಲ್ಲೂಕುವಾರು ಶಾಸನಗಳಿವೆ. ನಿಮ್ಮೂರಿನದು ಇದೆಯಾ ನೋಡಿ. ಆದರೆ ಶಾಸನ ಓದಿ ನೀವೇ ತೀರ್ಪು ಕೊಡುವ ಹಾಗಿಲ್ಲ. ಅದರ ಬಗ್ಗೆ ವಿದ್ವಾಂಸರು ಏನು ಬರೆದಿದ್ದಾರೆ ಅದನ್ನು ಹಾಕಬೇಕು. ಇಬ್ಬರು ವಿದ್ವಾಂಸರು ಎರಡು ಹೇಳಿದ್ದರೆ ಇಬ್ಬರ ಹೆಸರೂ ಹಾಕಿ ಎರಡನ್ನೂ ಬರೆಯಿರಿ. ನನ್ನ ಅನುಮಾನ ಕೇಳಿದರೆ, ಗರ್ಭಗುಡಿ ಒಂದು ಕಾಲದ್ದು, ಮುಂದಿನ ಮಂಟಪ ಇನ್ನೊಂದು ಕಾಲದ್ದು ಇರಬಹುದು. ನಮ್ಮ ಕಡೆ ಎಷ್ಟೋ ಗುಡಿಗಳು ಹಾಗೇ ಇವೆ. ಹಾಗಿದ್ದರೆ ನೀವಿಬ್ಬರೂ ಸರಿ.

ಪ್ರಶ್ನೆ: ವಯಸ್ಸು ಅರವತ್ತು ದಾಟಿದೆ, ಓದಿದ್ದು ಎಸ್ಸೆಸ್ಸೆಲ್ಸಿ. ಮೊಬೈಲ್ ಬಿಟ್ಟು ಬೇರೇನೂ ಬರುವುದಿಲ್ಲ. ನನ್ನಂಥವಳಿಗೆ ಅಲ್ಲಿ ಏನಾದರೂ ಕೆಲಸ ಇದೆಯಾ?
– ಗೃಹಿಣಿ, ಶಿರಸಿ

ಅಕ್ಕಾ, ಮೊಬೈಲ್ ಸಾಕು. ನಿಮ್ಮ ಪತ್ರದಲ್ಲಿ ಒಂದೂ ಕಾಗುಣಿತದ ತಪ್ಪಿಲ್ಲ. ಅಲ್ಲಿರುವ ಲೇಖನಗಳಿಗೆ ಬೇಕಾದದ್ದೇ ಅದು. ಯಾವುದಾದರೂ ಲೇಖನ ಓದುತ್ತಾ ಹೋಗಿ, ಅಕ್ಷರ ತಪ್ಪು ಕಂಡಲ್ಲಿ ಪೆನ್ಸಿಲ್ ಗುರುತು ಒತ್ತಿ, ಸರಿಮಾಡಿ, ಪ್ರಕಟಿಸಿ. ಅಪ್ಪೆಮಿಡಿಯ ಬಗ್ಗೆ ಬರೆಯುವ ಆಸೆ ಇದೆ ಎಂದಿದ್ದೀರಿ. ಉಪ್ಪಿನಕಾಯಿ ಮಾಡುವ ಅಳತೆ, ವಿಧಾನ ಅಲ್ಲಿ ಬೇಡ, ವಿಕಿಪೀಡಿಯ ಅಡುಗೆ ಪುಸ್ತಕ ಅಲ್ಲ. ಮಿಡಿಯ ಜಾತಿಗಳು, ಮರ ಎಲ್ಲಿ ಬೆಳೆಯುತ್ತದೆ, ಸೊನೆಯ ವಾಸನೆ, ಇವು ಬೇಕು, ಅದಕ್ಕೆ ಪುಸ್ತಕದ ಆಧಾರ ಹುಡುಕುವಾಗ ನನಗೆ ಬರೆಯಿರಿ. ಅಲ್ಲಿಯವರೆಗೆ ಫೋಟೊ ಹಾಕಿ: ಗೊಂಚಲು ಮರದಲ್ಲಿದ್ದಾಗ ಒಂದು, ಕೊಯ್ದ ಮೇಲೆ ತೊಟ್ಟು ಕಾಣುವಂತೆ ಒಂದು. ಸೊಸೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಬೇಡ, ಅದರಲ್ಲಿ ಚಿತ್ರ ಕುಗ್ಗಿರುತ್ತದೆ, ತೆಗೆದ ದಿನದ ವಿವರವೂ ಹೋಗಿರುತ್ತದೆ. ನಿಮ್ಮ ಫೋನಿನಲ್ಲಿ ನೀವೇ ತೆಗೆದದ್ದನ್ನು ಹಾಗೇ ಹಾಕಿ.