ಎಚ್‌ಐವಿ ಮಾತ್ರೆಯಿಂದ ಕಿಡ್ನಿ ಕೆಟ್ಟಿದೆ. ಅಮೆರಿಕದವರಂತೆ ಮುಂಬೈಯಲ್ಲಿ ನಾನೂ ಕಂಪನಿ ಮೇಲೆ ಕೇಸ್ ಹಾಕಬಹುದೇ?

ಕೇಸ್ ಹಾಕಲಿಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಅಮೆರಿಕದ ದಾರಿ ನಮಗೆ ಆಗಿಬರುವುದಿಲ್ಲ. ಇದೇ ಮಾತ್ರೆ, ಇದೇ ಕಿಡ್ನಿ, ಇದೇ ಸಿಟ್ಟು ಹೊತ್ತುಕೊಂಡು ಫೋರ್ಟ್‌ನಲ್ಲಿ ವಕೀಲರ ಆಫೀಸಿನ ಮೆಟ್ಟಿಲು ಹತ್ತಿ ಬಂದವ ನಾನು.

ಕುಂದಾಪುರದ ಕಡೆಯವ. ಈಗ ಅಂಧೇರಿಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತೇನೆ, ಆಗ ಸಪ್ಲಾಯರ್. ಪಾಸಿಟಿವ್ ಅಂತ ಗೊತ್ತಾದಾಗ ಎಆರ್‌ಟಿ ಸೆಂಟರಿಗೆ, ಅಂದರೆ ಎಚ್‌ಐವಿ ಮಾತ್ರೆ ಕೊಡುವ ಸರ್ಕಾರಿ ಕೇಂದ್ರಕ್ಕೆ, ಹೋಗಿದ್ದರೆ ಮಾತ್ರೆ ಪುಕ್ಕಟೆ. 2004ರಿಂದಲೇ ಸರ್ಕಾರ ಕೊಡುತ್ತಿದೆ. ಹೋಗಲಿಲ್ಲ. ಮುಂಬೈಯಲ್ಲಿ ಎಲ್ಲಿ ಲೈನಿನಲ್ಲಿ ನಿಂತರೂ ಹಿಂದಿನಿಂದ "ಎಂತ ಮಾರಾಯ, ನೀನಿಲ್ಲಿ?" ಅನ್ನುವವ ಒಬ್ಬ ಇದ್ದೇ ಇರುತ್ತಾನೆ. ಹಾಗಾಗಿ ಖಾಸಗಿ ಡಾಕ್ಟರು, ಮೆಡಿಕಲ್ ಸ್ಟೋರಿನಿಂದ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್ ಮೂರೂ ಸೇರಿದ್ದು, ರಾತ್ರಿಗೆ ಒಂದು.

ಮಲಗುವುದು ಹೋಟೆಲ್ ಹುಡುಗರ ಜೊತೆ ಒಂದೇ ರೂಮಿನಲ್ಲಿ. ಹೊಸ ಬಾಟಲಿ ತಂದ ದಿನ ನಲ್ಲಿ ಕೆಳಗೆ ಹಿಡಿದು ಲೇಬಲ್ ನೆನೆಸಿ ಉಗುರಿನಲ್ಲಿ ಕೆರೆದು ತೆಗೆಯುತ್ತಿದ್ದೆ. ಮಾತ್ರೆಗಳನ್ನು ಲಿವ್ 52ರ ಖಾಲಿ ಡಬ್ಬಿಗೆ ಸುರಿಯುತ್ತಿದ್ದೆ. ಬ್ಯಾಚ್ ನಂಬರ್, ತಯಾರಿಸಿದವರ ಹೆಸರು, ಎಲ್ಲ ಮೋರಿಗೆ. ಬಿಲ್ಲಿನಲ್ಲಿ ಹೆಸರಿನ ಜಾಗಕ್ಕೆ "ಕ್ಯಾಶ್" ಅಂತ ಬರೆಸುತ್ತಿದ್ದೆ. ಡಾಕ್ಟರ ಚೀಟಿಯಲ್ಲಿ ಮಾತ್ರ ನಿಜ ಹೆಸರು, ಮಾತ್ರೆ ತಗೊಂಡ ಮೇಲೆ ಅದನ್ನೂ ಹರಿದು ಹಾಕುತ್ತಿದ್ದೆ. ಲ್ಯಾಬಿನಲ್ಲಿ ಒಂದು ಸಲ ಸುರೇಶ, ಇನ್ನೊಂದು ಸಲ ಪ್ರಕಾಶ, ವಯಸ್ಸು ಬಾಯಿಗೆ ಬಂದದ್ದು. ರೋಗನಿರೋಧಕ ಶಕ್ತಿ ತೋರಿಸುವ ಸಿಡಿ4 ಜೊತೆ ಪ್ಯಾಕೇಜಿನಲ್ಲಿ ಕಿಡ್ನಿ ಸ್ಥಿತಿ ತೋರಿಸುವ ಕ್ರಿಯಾಟಿನಿನ್ನೂ ಬರುತ್ತಿತ್ತು. ಡಾಕ್ಟರು ಸಿಡಿ4 ನೋಡಿ "ಚೆನ್ನಾಗಿದೆ" ಅಂತ ಹಾಳೆ ಮಡಚಿ ಕೊಡುತ್ತಿದ್ದರು.

ಸೊಂಟ, ಪಾದ ನೋಯತೊಡಗಿದಾಗ ದಿನವಿಡೀ ನಿಲ್ಲುವ ಕೆಲಸ ಅಲ್ಲವೇ ಅಂದುಕೊಂಡೆ. ಬೇರೆ ಡಾಕ್ಟರು ನೋಡಿ ಕಿಡ್ನಿ ಅಂದರು. ವಕೀಲರು ನನ್ನ ಹಳೆಯ ರಿಪೋರ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹೇಳಿದರು: "ಸುರೇಶನದ್ದು ಸರಿ ಇದೆ, ಪ್ರಕಾಶನದ್ದು ಸ್ವಲ್ಪ ಜಾಸ್ತಿ, ನಿಮ್ಮದು ಕೆಟ್ಟಿದೆ. ಇವರಿಬ್ಬರು ಯಾರು ಮಾರಾಯ್ರೆ?"

ಹೊಟ್ಟೆ ಉರಿದದ್ದು ಅವರು ಆಮೇಲೆ ಹೇಳಿದ ಮಾತಿಗೆ. ಹೆಸರು ಮುಚ್ಚಿಡುವ ಸೌಲಭ್ಯ ಕೋರ್ಟಿನಲ್ಲೇ ಇದೆಯಂತೆ. 2017ರ ಎಚ್‌ಐವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಬೇರೆ ಹೆಸರಿನಲ್ಲಿ ಕೇಸ್ ನಡೆಸಿ ಅಂತ ಕೇಳಿಕೊಳ್ಳಬಹುದು, ಬಾಗಿಲು ಮುಚ್ಚಿ ವಿಚಾರಣೆ ಮಾಡಿ ಅಂತಲೂ. ಕಾಯ್ದೆ ಬರುವ ಎಷ್ಟೋ ಮೊದಲು, 1997ರಲ್ಲೇ, ನಮ್ಮ ಬಾಂಬೆ ಹೈಕೋರ್ಟಿನಲ್ಲಿ ಎಚ್‌ಐವಿ ಇದೆ ಅಂತ ಕೆಲಸ ಕಳಕೊಂಡ ಕಾರ್ಮಿಕನೊಬ್ಬ "ಎಂಎಕ್ಸ್" ಅನ್ನುವ ಹೆಸರಿನಲ್ಲೇ ಗೆದ್ದಿದ್ದಾನೆ. ನಾನು ಮುಚ್ಚಿಟ್ಟದ್ದು ಬಿಲ್ಲಿನಲ್ಲಿ, ಲ್ಯಾಬಿನಲ್ಲಿ. ಮುಚ್ಚಲೇಬಾರದಿದ್ದ ಜಾಗ.

ಇನ್ನು ನಿಮ್ಮ ಅಮೆರಿಕದ ಕೇಸ್. ಟೆನೊಫೊವಿರ್ ಮಾರುವ ಅಮೆರಿಕದ ಕಂಪನಿ ಗಿಲಿಯಡ್ ಮೇಲಿನ ಮುಖ್ಯ ದೂರು ಬೇರೆಯೇ. ಟೆನೊಫೊವಿರ್‌ನ ಹಳೆಯ ರೂಪ ಟಿಡಿಎಫ್ 2001ರಲ್ಲಿ ಬಂತು, ದಿನಕ್ಕೆ 300 ಮಿಲಿಗ್ರಾಂ. ಕಿಡ್ನಿಗೂ ಮೂಳೆಗೂ ಅಷ್ಟು ಪೆಟ್ಟು ಕೊಡದ ಹೊಸ ರೂಪ ಟಿಎಎಫ್ 25 ಮಿಲಿಗ್ರಾಂ ಇದ್ದರೆ ಸಾಕು. ಅದರ ಕೆಲಸವನ್ನು ಕಂಪನಿ 2004ರಲ್ಲಿ ನಿಲ್ಲಿಸಿತು, ಕೊನೆಗೆ ಮಾರುಕಟ್ಟೆಗೆ ತಂದದ್ದು 2015ರಲ್ಲಿ. ಹಳೆಯದರ ಲಾಭ ಬಾಚಲಿಕ್ಕೆ ಹೊಸದನ್ನು ತಡೆದಿಟ್ಟರು ಅಂತ ರೋಗಿಗಳ ವಾದ, ಕಂಪನಿ ಒಪ್ಪುವುದಿಲ್ಲ. 2024ರಲ್ಲಿ ಫೆಡರಲ್ ಕೋರ್ಟಿನ 2,625 ಜನರ ಜೊತೆ 4 ಕೋಟಿ ಡಾಲರ್‌ವರೆಗೆ ರಾಜಿ ಆಯಿತು. ತಲೆಗೆ ಹಂಚಿದರೆ 15,000 ಡಾಲರ್ ಚಿಲ್ಲರೆ, ಅದರಲ್ಲಿ ವಕೀಲರ ಪಾಲು ಬೇರೆ. ಇಲ್ಲಿ ಟಿಡಿಎಫ್‌ಗೆ ಅವರು ಕೇಳಿದ ಪೇಟೆಂಟನ್ನು 2009ರಲ್ಲಿ ತಿರಸ್ಕರಿಸಿದರು. ನೀವು ನುಂಗಿದ್ದು ಬಹುಮಟ್ಟಿಗೆ ದೇಶಿ ಜನರಿಕ್, ಅಂದರೆ ಇಲ್ಲಿನ ಬೇರೆ ಕಂಪನಿ ಮಾಡಿದ ಅದೇ ಔಷಧ. ಅದನ್ನು ಮಾಡಿದವರು ಟಿಎಎಫ್ ತಡೆದಿಟ್ಟವರಲ್ಲ.

ನನ್ನ ಮಟ್ಟಿಗೆ ಕೇಸ್ ನಿಲ್ಲುವುದಾದರೆ ಟಿಡಿಎಫ್ ಬರೆದು ಕ್ರಿಯಾಟಿನಿನ್ ಕಡೆ ಕಣ್ಣು ಹಾಯಿಸದ ಡಾಕ್ಟರ ಮೇಲೆ. ದುಡ್ಡು ಕೊಟ್ಟಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು, 2 ವರ್ಷದ ಒಳಗೆ. ಎಲ್ಲರಿಗೂ ಪುಕ್ಕಟೆ ಕೊಡುವ ಆಸ್ಪತ್ರೆಯದಾದರೆ ಆ ಬಾಗಿಲು ಮುಚ್ಚಿದ ಹಾಗೆಯೇ, ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಒಂದು ಮಾತು, ಸಿಟ್ಟಿನಲ್ಲಿ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದರೆ ವೈರಸ್ ಮತ್ತೆ ಏಳುತ್ತದೆ. ಟಿಡಿಎಫ್ ಬದಲಿಸಿ ಅಂತ ಕೇಳಿ. ನನಗೆ ಅದರ ಬದಲು ಅಬಾಕಾವಿರ್ ಅನ್ನುವ ಇನ್ನೊಂದು ಎಚ್‌ಐವಿ ಔಷಧ ಕೊಟ್ಟರು, ಕ್ರಿಯಾಟಿನಿನ್ ಇಳಿದಿದೆ, ಪೂರ್ತಿ ಮೊದಲಿನಂತೆ ಆಗಿಲ್ಲ. ಈಗ ಎಆರ್‌ಟಿ ಸೆಂಟರಿಗೇ ಹೋಗುತ್ತೇನೆ. ಸೈಡ್ ಎಫೆಕ್ಟ್ ಆದದ್ದನ್ನು ಔಷಧಗಳ ಅಡ್ಡಪರಿಣಾಮ ದಾಖಲಿಸುವ ಸರ್ಕಾರಿ ಸಹಾಯವಾಣಿ 1800-180-3024ಕ್ಕೆ ಫೋನ್ ಮಾಡಿ ದಾಖಲಿಸಿ. ಪರಿಹಾರ ಸಿಗುವುದಿಲ್ಲ, ಆದರೆ ತಾರೀಕು ಸಮೇತ ನಿಮ್ಮ ಕಡೆಯಿಂದ ಒಂದು ದಾಖಲೆ ಆಗುತ್ತದೆ.

ನಿಮ್ಮ ಕ್ರಿಯಾಟಿನಿನ್ ಎಷ್ಟು, ಮಾತ್ರೆ ತಂದದ್ದು ಸೆಂಟರಿನಿಂದಲೋ ಅಂಗಡಿಯಿಂದಲೋ, ನೀವು ಬರೆದೇ ಇಲ್ಲ. ರಿಪೋರ್ಟುಗಳು ಯಾರ ಹೆಸರಿನಲ್ಲಿವೆ ಅಂತಲೂ ನೋಡಿ ತಿಳಿಸಿ.