ಪೊಪಾಯ್–ಸಿಂದಬಾದ್ ಕಾರ್ಟೂನಿನ ಕೊನೆಯಲ್ಲಿ ಮತ್ತೆ ಅದೇ ಹಾಡು ಯಾಕೆ ಬರುತ್ತದೆ?

ನೀವು ಕೇಳುತ್ತಿರುವುದು 1936ರಲ್ಲಿ ಫ್ಲೈಶರ್ ಸ್ಟುಡಿಯೋ ಮಾಡಿದ ಬಣ್ಣದ ಕಾರ್ಟೂನ್ ಬಗ್ಗೆ. ಅದರ ಕೊನೆ ಅರ್ಥವಾಗಲು ಶುರುವಿನ ಹಾಡನ್ನು ಗಮನಿಸಬೇಕು. ಅಲ್ಲಿ ಸಿಂದಬಾದ್ ತನ್ನ ದ್ವೀಪದಲ್ಲಿ ಸುತ್ತಾಡುತ್ತಾ, ಲೋಕದಲ್ಲಿ ತನ್ನಂಥ ಗಂಡು ಯಾರಿದ್ದಾರೆ ಎಂದು ಜಂಬದಿಂದ ಹಾಡುತ್ತಾನೆ. ಅವನ ಮೃಗಗಳು ಹೆದರಿ ಹೂಂ ಅನ್ನುತ್ತವೆ. ಅಷ್ಟರಲ್ಲಿ ದೂರದ ಹಡಗಿನಿಂದ ನಾವಿಕ ಪೊಪಾಯ್‌ನ ಹಾಡು ಕೇಳಿಸುತ್ತದೆ. ಜಗಳ ಹುಟ್ಟುವುದೇ ಅಲ್ಲಿ. ಇನ್ನೊಬ್ಬ ನಾವಿಕನೂ ಹೆಸರು ಮಾಡಿದ್ದಾನೆ ಅನ್ನುವುದನ್ನು ಸಿಂದಬಾದ್‌ಗೆ ಸಹಿಸಲು ಆಗುವುದಿಲ್ಲ.

ಆಮೇಲೆ ದೈತ್ಯ ಪಕ್ಷಿಯನ್ನು ಕಳಿಸಿ ಹಡಗು ಮುಳುಗಿಸುತ್ತಾನೆ, ಪೊಪಾಯ್‌ನ ಪ್ರೇಯಸಿ ಆಲಿವ್‌ಳನ್ನು ಹೊತ್ತು ತರಿಸುತ್ತಾನೆ. ಪಕ್ಷಿ ಸೋಲುತ್ತದೆ, ಎರಡು ತಲೆಯ ರಾಕ್ಷಸನೂ ಸೋಲುತ್ತಾನೆ. ಉಳಿದವನು ಸಿಂದಬಾದ್ ಒಬ್ಬನೇ. ಪೊಪಾಯ್ ಮೊದಲು ಸರಿಯಾಗಿ ಒದೆ ತಿನ್ನುತ್ತಾನೆ, ಡಬ್ಬಿಯಲ್ಲಿದ್ದ ಪಾಲಕ್ ಸೊಪ್ಪು ತಿಂದು ಬಲ ಬಂದ ಮೇಲೆ ಕಥೆ ತಿರುಗುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ, ಅಲ್ವಾ?

ಕೊನೆಯಲ್ಲಿ ಅದೇ ಹಾಡು ಬರುತ್ತದೆ, ಆದರೆ ಹೊಗಳಿಕೆ ಈಗ ಪೊಪಾಯ್‌ಗೆ. ಅಂದರೆ ಹೊಡೆದಾಟ ನಡೆದದ್ದು ಬರೀ ಆಲಿವ್‌ಗಾಗಿ ಅಲ್ಲ, ದೊಡ್ಡ ನಾವಿಕ ಅನ್ನುವ ಪಟ್ಟಕ್ಕಾಗಿ ಕೂಡ. ನನಗಂತೂ ಪಾಲಕ್‌ಗಿಂತ ಈ ಹಾಡಿನ ಜಾಣತನವೇ ಜಾಸ್ತಿ ಇಷ್ಟ.