ರಿಪೋರ್ಟ್ ಇನ್ನೂ ಯಾಕೆ ಬಂದಿಲ್ಲ?

ಪ್ರಶ್ನೆ: ಅತ್ತೆಗೆ ಸ್ತನ ಕ್ಯಾನ್ಸರ್, ಮೊದಲ ಹಂತ ಅಂದರು. ಆಪರೇಷನ್ ಆಗಿ ಹನ್ನೆರಡು ದಿನ, ರಿಪೋರ್ಟ್ ಬಂದಿಲ್ಲ. ಕೇಳಿದರೆ 'ಇನ್ನೊಂದು ಟೆಸ್ಟಿಗೆ ಹೋಗಿದೆ' ಅಂತಾರೆ. ಏನಾದರೂ ಮುಚ್ಚಿಡುತ್ತಿದ್ದಾರಾ? ಅಷ್ಟರಲ್ಲಿ ಹರಡಿದರೆ?
– ಒಬ್ಬ ಸೊಸೆ, ಸಿಂಧನೂರು

ಉತ್ತರ: ಈ ಪ್ರಶ್ನೆ ಬಾರದ ವಾರವಿಲ್ಲ. ರಾಯಚೂರಿನ ನಮ್ಮ ಲ್ಯಾಬಿನ ಕಿಟಕಿಯಲ್ಲಂತೂ ದಿನಾ ಇದೇ: 'ಸಕ್ರಿ ಟೆಸ್ಟು ಸಂಜಿಗೇ ಕೊಡ್ತೀರಿ, ಇದಕ್ಯಾಕ್ರೀ ಇಷ್ಟು ದಿನ?' ಸಕ್ಕರೆಯನ್ನು ಮಷಿನ್ ನೋಡುತ್ತದೆ. ಇದನ್ನು ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಬೇಕು.

ತೆಗೆದ ಭಾಗ ಕೊಳೆಯದಂತೆ ಮೊದಲು ಫಾರ್ಮಾಲಿನ್ ಎಂಬ ದ್ರಾವಣದಲ್ಲಿ ನೆನೆಯಬೇಕು. ಕಡಿಮೆ ಅಂದರೆ 6 ಗಂಟೆ, ಹೆಚ್ಚೆಂದರೆ 72. ಸ್ತನದಲ್ಲಿ ಕೊಬ್ಬು ಜಾಸ್ತಿ, ಫಾರ್ಮಾಲಿನ್ ಒಳಗಿಳಿಯುವುದು ನಿಧಾನ. ಹಾಗಾಗಿ ಒಂದು ರಾತ್ರಿ ಪೂರ್ತಿ ಬಿಡದೆ ನಾನು ಮುಟ್ಟುವುದಿಲ್ಲ. ಸರಿಯಾಗಿ ನೆನೆಯದಿದ್ದರೆ ಹಾರ್ಮೋನ್ ಟೆಸ್ಟ್ ಸುಳ್ಳೇ ನೆಗೆಟಿವ್ ಬರಬಹುದು. ಆಗ ಐದು ವರ್ಷ ನುಂಗಬೇಕಾದ, ಹಾರ್ಮೋನ್ ತಡೆಯುವ ಮಾತ್ರೆಯನ್ನು ನಿಮ್ಮತ್ತೆಗೆ ಯಾರೂ ಬರೆಯುವುದೇ ಇಲ್ಲ. ಆಮೇಲೆ ಅಂಚಿಗೆಲ್ಲ ಶಾಯಿ ಬಳಿದು, ಬ್ರೆಡ್ಡಿನ ಹಾಗೆ ಸೀಳುತ್ತೇವೆ. ಶಾಯಿಯ ಗೆರೆಗೇ ಕ್ಯಾನ್ಸರ್ ಕಣ ತಾಗಿದ್ದರೆ ಒಳಗೆ ಇನ್ನೂ ಉಳಿದಿರಬಹುದು. ಕಂಕುಳಿನ ಕೊಬ್ಬನ್ನು ಬೆರಳಲ್ಲಿ ಹಿಚುಕುತ್ತಾ ಗಂಟು (ದುಗ್ಧಗ್ರಂಥಿ, ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ಸೇರುವ ಜಾಗ) ಹುಡುಕಬೇಕು. ಕೆಲವು ಜೋಳದ ಕಾಳಿನಷ್ಟೂ ಇರುವುದಿಲ್ಲ. ತುಂಡುಗಳನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿ, ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡ್ ಮೇಲೆ ಬಣ್ಣ ಹಾಕಿ ನೋಡುವಷ್ಟರಲ್ಲಿ ವಾರ ಕಳೆದಿರುತ್ತದೆ.

'ಇನ್ನೊಂದು ಟೆಸ್ಟ್' ಅಂದರೆ ಇಆರ್, ಪಿಆರ್ (ಮೇಲೆ ಹೇಳಿದ ಹಾರ್ಮೋನ್ ಟೆಸ್ಟ್), ಹರ್-2 (ಕ್ಯಾನ್ಸರ್ ಕಣದ ಮೇಲಿನ ಒಂದು ಪ್ರೋಟೀನಿನ ಟೆಸ್ಟ್) ಇರಬೇಕು. ಹರ್-2 ಅಂಕ 0 ಅಥವಾ 1+ ಬಂದರೆ ನೆಗೆಟಿವ್, 3+ ಬಂದರೆ ಪಾಸಿಟಿವ್. ತಲೆನೋವು 2+ದು, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆಗ ಹರ್-2 ಜೀನನ್ನೇ ಎಣಿಸುವ ಫಿಶ್ ಟೆಸ್ಟಿಗೆ ಬ್ಲಾಕ್ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತದೆ. ಮತ್ತೊಂದು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ.

ಹರಡುವ ಭಯ ಬೇಡ. ಗಡ್ಡೆ ಈಗ ಡಬ್ಬಿಯಲ್ಲಿದೆ, ಅವರ ಮೈಯಲ್ಲಿಲ್ಲ. ಗಾಯ ಮಾಯದೆ ಕೀಮೋ ಹೇಗೂ ಶುರು ಮಾಡಲ್ಲ. ಅದಕ್ಕೇ ಮೂರರಿಂದ ಆರು ವಾರ ಹಿಡಿಯುತ್ತದೆ. ಮೂರು ತಿಂಗಳು ದಾಟಿದರೆ ನಿಜವಾಗಿ ನಷ್ಟ. ಹಾಗೆ ದಾಟಿಸಿಕೊಂಡು ಬಂದವರಲ್ಲಿ ಜಾಸ್ತಿ ಜನ ನಡುವೆ ನಾಟಿ ಔಷಧಿಗೆ ಹೋದವರು. ಮೂರು ವಾರವಾದರೂ ರಿಪೋರ್ಟ್ ಬರದಿದ್ದರೆ ಗಟ್ಟಿಯಾಗಿಯೇ ಕೇಳಿ: ಡಬ್ಬಿ ಲ್ಯಾಬಿಗೆ ಯಾವತ್ತು ತಲುಪಿತು, ಬ್ಲಾಕ್ ಈಗ ಎಲ್ಲಿದೆ?

ಆದರೆ ಫೋನಲ್ಲಿ ಅರ್ಧ ರಿಪೋರ್ಟ್ ಕೇಳಬೇಡಿ. ಒಮ್ಮೆ ಒಬ್ಬ ಮಗನ ಕಾಟ ತಡೆಯಲಾರದೆ 'ಗಂಟುಗಳೆಲ್ಲ ಕ್ಲೀನ್ ಇವೆ' ಅಂದುಬಿಟ್ಟೆ. ಊರಿಗೆಲ್ಲ ಪೇಡೆ ಹಂಚಿದರು. ಮರುದಿನ ಉಳಿದ ಸ್ಲೈಡ್ ನೋಡಿದರೆ ಒಂದು ಗಂಟಿನಲ್ಲಿ ಕ್ಯಾನ್ಸರ್ ಇತ್ತು. ಆವತ್ತಿನಿಂದ ಸಹಿ ಹಾಕುವವರೆಗೆ ನಾನು ಬಾಯಿ ಬಿಡುವುದಿಲ್ಲ.

ಮುಚ್ಚಿಡುವ ವಿಷಯಕ್ಕೆ ಬಂದರೆ, ನಾನು ನೋಡಿದ ಹಾಗೆ ಮುಚ್ಚಿಡುವವರು ಮನೆಯವರೇ. 'ಅವ್ವಗ ಹೇಳಬ್ಯಾಡ್ರಿ' ಅಂತ ಕಿಟಕಿಯಲ್ಲಿ ಪಿಸುಗುಡುತ್ತಾರೆ. ಆ ಅವ್ವ ಹಿಂದಿನ ಬೆಂಚಿನಲ್ಲೇ, ಗಾಯದ ನೀರು ಇಳಿಯುವ ಡ್ರೈನ್ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಕೂತಿರುತ್ತಾರೆ. ರಿಪೋರ್ಟ್ ಬಂದ ದಿನ ಅತ್ತೆಯನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ಕತ್ತಿ ತಾಗಿ ಗಾಳಿ ಆಡಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದಂತೆ? – ಕೊಪ್ಪಳ

ಉತ್ತರ: ಇಲ್ಲ. ಆಪರೇಷನ್ ಬೇಡ ಅಂತ ಕೂತವರಲ್ಲಿ ಹರಡುತ್ತದೆ.

ಪ್ರಶ್ನೆ: ಕಾಯುವ ದಿನಗಳಲ್ಲಿ ಪಪ್ಪಾಯಿ ಎಲೆ ರಸ, ಹೊಲಿಗೆಗೆ ಬೇರಿನ ಲೇಪ ಕೊಡುತ್ತೇನೆ ಅಂತಾರೆ ಒಬ್ಬರು. – ಸಿರುಗುಪ್ಪ

ಉತ್ತರ: ಲೇಪದಿಂದ ಹೊಲಿಗೆಗೆ ಕೀವಾದರೆ ಕೀಮೋ ಮುಂದಕ್ಕೆ ಹೋಗುತ್ತದೆ. ಆಗ ಅವರು ಫೋನ್ ಎತ್ತುವುದಿಲ್ಲ. ಕೈ ಮೇಲೆತ್ತುವ ವ್ಯಾಯಾಮ ಹೇಳಿಕೊಟ್ಟಿರುತ್ತಾರಲ್ವಾ, ಅದನ್ನು ಮಾಡಿಸಿ.

ಪ್ರಶ್ನೆ: ರಿಪೋರ್ಟಿನ ಫೋಟೋ ಕಳಿಸಲಾ? – ಬಳ್ಳಾರಿ

ಉತ್ತರ: ಬೇಡ. ಎರಡನೇ ಅಭಿಪ್ರಾಯ ಬೇಕಿದ್ದರೆ ಸ್ಲೈಡ್, ಬ್ಲಾಕ್ ಎರಡನ್ನೂ ಕೇಳಿ ಪಡೆದು ತನ್ನಿ. ಬ್ಲಾಕನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಅದು ಮೇಣ.